ಆಟಿಕೆ ಕೋಣೆ ಖಾಲಿಯಾದದ್ದು

ಈ ಕಥೆಯನ್ನು ಮೊದಲು ಹೇಳಿದವನು ಹಳೆಯ ಸಾಮಾನು ಸಂಗ್ರಹಿಸುವ ವ್ಯಾನಿನ ಚಾಲಕ. ಹೇಳಿದ್ದು ಮೂರು ವರ್ಷಗಳ ಹಿಂದೆ, ಒಂದು ಶನಿವಾರ ಸಂಜೆ, ಗೋದಾಮಿನಲ್ಲಿ ಸಾಮಾನು ವಿಂಗಡಿಸುವ ಏಳು ಮಂದಿ ಹೆಂಗಸರಿಗೆ. ಮರುವರ್ಷ ಅವನೇ ಮತ್ತೊಮ್ಮೆ ಹೇಳಿದಾಗ ಕುದುರೆ ಒಂಟೆಯಾಗಿತ್ತು, ಒಂಬತ್ತು ಪೆಟ್ಟಿಗೆಗಳು ಹನ್ನೆರಡಾಗಿದ್ದವು. ಇಲ್ಲಿರುವುದು ಮೊದಲ ಸಲದ ಹೇಳಿಕೆ. ಆಗ ಅವನು ಅದನ್ನು ಸಹಿ ಸಾಹೇಬರ ಬಾಯಿಂದಲೇ ಕೇಳಿ ಅರ್ಧ ದಿನವೂ ಕಳೆದಿರಲಿಲ್ಲ.

ಸಹಿ ಸಾಹೇಬರೆಂಬುದು ಬಸ್ ಡಿಪೋದವರು ಇಟ್ಟ ಹೆಸರು. ಅಲ್ಲಿ ಬಿಡಿಭಾಗಗಳ ಸ್ಟೋರನ್ನು ಅವರು ಮೂವತ್ತೊಂದು ವರ್ಷ ನೋಡಿಕೊಂಡಿದ್ದರು. ಮೇಲಧಿಕಾರಿಯೇ ಬಂದು ಕಿಟಕಿಯ ಮುಂದೆ ನಿಂತರೂ ಸಹಿಯಿಲ್ಲದೆ ಒಂದು ಬೋಲ್ಟನ್ನು ಹೊರಗೆ ಬಿಟ್ಟವರಲ್ಲ. ನಿವೃತ್ತರಾದರು, ಹೆಂಡತಿ ತೀರಿಕೊಂಡರು, ಬಾಡಿಗೆ ಮನೆಯ ಮಾಲೀಕ ಮನೆ ಬಿಡಿಸಿದ. ಎರಡು ಸೂಟ್‌ಕೇಸು, ಒಂದು ಮಡಚುವ ಮಂಚ ಹಿಡಿದು ಮಗಳ ಮನೆಗೆ ಬಂದರು.

ಅಲ್ಲಿದ್ದವು ಎರಡೇ ಕೋಣೆಗಳು. ಒಂದರಲ್ಲಿ ಮಗಳು, ಅಳಿಯ, ಆರು ವರ್ಷದ ಮೊಮ್ಮಗಳು ಮಲಗುತ್ತಿದ್ದರು. ಇನ್ನೊಂದು ಆಟಿಕೆಗಳ ಪಾಲಾಗಿತ್ತು. ಬಾಗಿಲು ಅರ್ಧ ತೆರೆಯುವಷ್ಟರಲ್ಲಿ ಒಳಗೆ ಏನಾದರೊಂದು ಉರುಳುತ್ತಿತ್ತು. ಸಹಿ ಸಾಹೇಬರ ಮಂಚ ಹಾಲ್‌ನಲ್ಲಿ, ಸೋಫಾದ ಬೆನ್ನಿಗೆ. ಟಿವಿ ಆರುವ ತನಕ ಅದನ್ನು ಬಿಚ್ಚುವಂತಿರಲಿಲ್ಲ, ಬೆಳಿಗ್ಗೆ ಹಾಲಿನವನು ಬರುವ ಮೊದಲು ಮಡಚಿಡಬೇಕಾಗಿತ್ತು. ಒಂದು ತಿಂಗಳು ಕಳೆದ ಮೇಲೆ ಮಗಳೇ ಮಾತು ತೆಗೆದಳು.

"ಆಟಿಕೆ ಒಂದು ಖಾಲಿಯಾಗ್ಲಿ ಅಪ್ಪ, ಆ ರೂಮು ನಿಮ್ಗೇ."

ಊಟದ ಮೇಜಿನ ಆಚೆ ತುದಿಯಲ್ಲಿ ಕೂತಿದ್ದ ಅಳಿಯ ಇನ್ನಷ್ಟು ಸಾರು ಬಡಿಸಿಕೊಂಡ. ಒಂದು ಬೋಲ್ಟಿಗೆ ಸಹಿ ಕೇಳುತ್ತಿದ್ದ ಮನುಷ್ಯ ಒಂದು ಕೋಣೆಯನ್ನು ಬಾಯಿಮಾತಿಗೆ ನಂಬಿದರು.

ಮಾರನೆಯ ದಿನವೇ ಕೆಲಸ ಶುರುವಾಯಿತು. ನೆಲಕ್ಕೆ ಹಳೆಯ ದುಪ್ಪಟಿ ಹಾಸಿ, ಮೂಲೆಯಿಂದ ಮೂಲೆಗೆ ಗುಡ್ಡೆಯನ್ನು ಕರಗಿಸುತ್ತ ಬಂದರು. ಚಕ್ರ ಕಳಚಿದ ಲಾರಿಗಳು ಒಂದು ಕಡೆ, ಕೂದಲು ಕತ್ತರಿಸಿಕೊಂಡ ಗೊಂಬೆಗಳು ಒಂದು ಕಡೆ. ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿದ ರೈಲಿನ ಹೊಟ್ಟೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು. ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಸೋಪಿನ ನೀರಿನಲ್ಲಿ ತೊಳೆದು ಬಾಲ್ಕನಿಯಲ್ಲಿ ಟವೆಲಿನ ಮೇಲೆ ಹರವಿದರು. ಚಿತ್ರ ಜೋಡಿಸುವ ಆಟಗಳನ್ನು ಒಂದೊಂದಾಗಿ ಪೂರ್ತಿ ಜೋಡಿಸಿ, ತುಂಡು ಕಡಿಮೆ ಬಿದ್ದದ್ದನ್ನು ಬೇರೆಯಿಟ್ಟರು. ಇಷ್ಟೆಲ್ಲ ಒಬ್ಬರೇ ಮಾಡಬಹುದಾಗಿತ್ತು. ಆದರೆ ಯಾರದ್ದೋ ಸಾಮಾನನ್ನು ಅವರ ಒಪ್ಪಿಗೆಯಿಲ್ಲದೆ ಆಚೆ ಕಳಿಸುವುದು ಸಹಿ ಸಾಹೇಬರ ಜಾಯಮಾನದಲ್ಲೇ ಇರಲಿಲ್ಲ. ಆದ್ದರಿಂದ ದಿನಾ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮೊಮ್ಮಗಳು ಬಂದು ದುಪ್ಪಟಿಯ ಮೇಲೆ ಕೂರಬೇಕು, ಪ್ರತಿಯೊಂದು ಆಟಿಕೆಯ ಬಗ್ಗೆಯೂ ಮಾತಾಡಬೇಕು. ಗಾತ್ರದಲ್ಲಿ ಚಿಕ್ಕವಳು, ಮಾತಿನಲ್ಲಿ ಖಾರ. ತಾತ ಅವಳನ್ನು ಕರೆಯುತ್ತಿದ್ದದ್ದು ಮೆಣಸಿನಕಾಳು ಎಂದು.

ತಾತ ಒಂದು ಪಿಂಗಾಣಿ ಆಮೆಯನ್ನು ಎತ್ತಿ ಹಿಡಿದರು. "ಇದರ ಕೆಲಸ ಏನು?"

"ಏನಿಲ್ಲ. ಸುಮ್ನೆ ಇರುತ್ತೆ."

"ಸುಮ್ನೆ ಇರೋದಕ್ಕೆಲ್ಲ ಜಾಗ ಕೊಡೋಕಾಗುತ್ತಾ?"

"ನೀನೂ ಸುಮ್ನೆ ಇರ್ತೀಯಲ್ಲ ತಾತ?"

ಸಹಿ ಸಾಹೇಬರು ನಕ್ಕರು. ನಕ್ಕ ಮೇಲೆ ಆಮೆಯನ್ನು ಉಳಿಸಿಕೊಳ್ಳುವ ಸಾಲಿಗೇ ಇಟ್ಟರು.

ಮೂರು ದಿನ ಹುಡುಗಿ ಒಂದನ್ನೂ ಬಿಟ್ಟುಕೊಡಲಿಲ್ಲ. ನಾಲ್ಕನೆಯ ದಿನ, ಖಾಲಿಯಾದ ಜಾಗ ಯಾರಿಗೆ ಎಂದು ಕೇಳಿದಳು. ನನ್ನ ಮಂಚಕ್ಕೆ ಎಂದರು ತಾತ. ಅವಳು ಅವರನ್ನು ಅಲ್ಲೇ ನೆಲದ ಮೇಲೆ ಮಲಗಿಸಿ, ತಲೆಯಿಂದ ಪಾದದವರೆಗೆ ಇಟ್ಟಿಗೆ ಜೋಡಿಸಿ ಅಳತೆ ತೆಗೆದಳು. ಅಷ್ಟು ಉದ್ದ ಇದ್ದರೆ ಸಾಲದು, ತಾನೂ ಬಂದು ಮಲಗಬೇಕಲ್ಲ, ಅಗಲವೂ ಬೇಕು ಎಂದಳು. ಅಂದಿನಿಂದ ಅವಳ ಕೈ ಬಿಚ್ಚಿತು. ಅಡುಗೆ ಸೆಟ್ಟು ಹೋಯಿತು, ರೈಲು ಹೋಯಿತು, ಗೊಂಬೆಗಳು ಸಾಲಾಗಿ ಹೋದವು. ಒಂದೊಂದು ಪೆಟ್ಟಿಗೆ ತುಂಬಿದಾಗಲೂ ಮೇಲೆ ಒಂದು ಸೊನ್ನೆ ಬರೆಯುತ್ತಿದ್ದಳು. ಅದೇ ಅವಳ ಸಹಿ.

ಕೊನೆಗೆ ಉಳಿದದ್ದು ಬಟ್ಟೆಯ ಕುದುರೆ. ಅದರ ಹಿಂಗಾಲನ್ನು ಅವಳಿಗೆ ಮೂರು ವರ್ಷವಾಗಿದ್ದಾಗ ತಾತನೇ ಕಪ್ಪು ದಾರದಲ್ಲಿ ಹೊಲಿದಿದ್ದರು. ಇದು ಬೇಡ, ಇರಲಿ ಎಂದು ಅವರೇ ಹೇಳಿದರು. ಹುಡುಗಿ ಎರಡು ದಿನ ಅದನ್ನು ಕಂಕುಳಲ್ಲಿ ಇರುಕಿಕೊಂಡು ತಿರುಗಿದಳು, ಮೂಲೆಗೆ ಹೋಗಿ ಇಟ್ಟಿಗೆ ಹಾಕಿ ಅಳೆದಳು, ತಾನೇ ತಂದು ಒಂಬತ್ತನೆಯ ಪೆಟ್ಟಿಗೆಗೆ ಹಾಕಿದಳು.

"ಇಲ್ಲಾಂದ್ರೆ ನಿನ್ನ ಕಾಲು ಹೊರಗೆ ಬರುತ್ತೆ ತಾತ."

ಬುಧವಾರ ವ್ಯಾನು ಬಂದು ಒಂಬತ್ತು ಪೆಟ್ಟಿಗೆಗಳನ್ನೂ ಒಯ್ದಿತು. ಮಿಕ್ಕ ಆಟಿಕೆಗಳು ಒಂದೇ ಕಪಾಟಿನಲ್ಲಿ ಕೂತವು. ಸಹಿ ಸಾಹೇಬರು ನೆಲ ಒರೆಸಿ, ಕಿಟಕಿಯ ಗಾಜು ಉಜ್ಜಿ, ಸೊಂಟ ಹಿಡಿದುಕೊಂಡು ಎದ್ದರು. ಸಂಜೆ ಅಳಿಯ ಬಂದು ಹೊಸ್ತಿಲಲ್ಲಿ ನಿಂತು ನೋಡಿದ, ಒಳಗೆ ಹೋಗಿ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿದ.

"ಎಂಥಾ ಕೆಲಸ ಮಾಡಿದ್ದೀರ ಮಾವ! ಈ ರೂಮಲ್ಲಿ ಇಷ್ಟು ಬೆಳಕಿದೆ ಅಂತಾನೇ ನನಗೆ ಗೊತ್ತಿರ್ಲಿಲ್ಲ."

ಗುರುವಾರ ಮಧ್ಯಾಹ್ನಕ್ಕೆ ಆ ಬೆಳಕಿನಲ್ಲಿ ಅವನ ಮೇಜು ಬಂದು ಕೂತಿತು. ಅವನದು ಕಟ್ಟಡಗಳ ನಕ್ಷೆ ಬರೆಯುವ ಕೆಲಸ, ಕಚೇರಿಯಲ್ಲಿ ಗಲಾಟೆ, ಮನೆಯಲ್ಲಿ ಜಾಗವಿಲ್ಲವೆಂದು ಇಷ್ಟು ದಿನ ಸಹಿಸಿಕೊಂಡಿದ್ದನಂತೆ. ಇದನ್ನೆಲ್ಲ ಮಗಳು ಅಡುಗೆಮನೆಯಲ್ಲಿ, ಒಣಗಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತ, ಅಪ್ಪನ ಮುಖ ನೋಡದೆ ಹೇಳಿ ಮುಗಿಸಿದಳು.

"ಸ್ವಲ್ಪ ದಿನ ಅಷ್ಟೇ ಅಪ್ಪ."

"ಆಗ್ಲಿ ಬಿಡಮ್ಮ. ನನಗೆ ಹಾಲ್‌ನಲ್ಲೇ ಗಾಳಿ ಚೆನ್ನಾಗಿ ಬರುತ್ತೆ."

ಶಾಲೆಯಿಂದ ಬಂದ ಮೆಣಸಿನಕಾಳು ಬ್ಯಾಗು ಇಳಿಸದೆ ಕೋಣೆಗೆ ಓಡಿದಳು. ಹೊರಗೆ ಬಂದಾಗ ಅವಳ ಮುಖದಲ್ಲಿ ಅಳುವಿರಲಿಲ್ಲ. ಅಪ್ಪನನ್ನು ಕೇಳಲಿಲ್ಲ, ಅಮ್ಮನನ್ನು ಕೇಳಲಿಲ್ಲ. ಸೋಫಾದ ಹಿಂದೆ ಬಂದು, ತನಗೆ ಮಾತು ಕೊಟ್ಟ ತಾತನ ಮುಂದೆ ನಿಂತಳು.

"ಮಂಚ ಅಲ್ಲಿಲ್ಲ ಅಂದ್ರೆ ನನ್ನ ಸಾಮಾನು ವಾಪಸ್ ತಾ."

ತಾನೂ ಮೋಸ ಹೋದವನೇ ಎಂದು ಹೇಳಬಹುದಾಗಿತ್ತು. ಹೇಳಿದರೆ ಅವಳ ಅಮ್ಮನ ಮೇಲೆ ಬೆರಳು ತೋರಿದಂತಾಗುತ್ತಿತ್ತು, ನುಂಗಿಕೊಂಡರು. ಶುಕ್ರವಾರ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಗೋದಾಮಿಗೆ ಹೋದರು. ಒಂಬತ್ತು ಪೆಟ್ಟಿಗೆಗಳೂ ಆಗಲೇ ಬುಡಮೇಲಾಗಿದ್ದವು. ತೊಳೆದ ಇಟ್ಟಿಗೆಗಳು, ಪೂರ್ತಿಯಿದ್ದ ಚಿತ್ರದಾಟಗಳು, ದಾರ ಕಟ್ಟಿ ಜೊತೆ ಮಾಡಿದ್ದ ಬಟ್ಟಲು ಚಮಚೆಗಳು ನೂರು ಮನೆಗಳ ಆಟಿಕೆಯೊಳಗೆ ಬೆರೆತು, ಎದೆಯೆತ್ತರದ ಗುಡ್ಡೆಯಾಗಿದ್ದವು. ಮಧ್ಯಾಹ್ನದವರೆಗೆ ಕೆದಕಿದರೂ ಗುರುತು ಹಿಡಿಯಲಾದದ್ದು ಕುದುರೆ ಒಂದೇ, ಅದೂ ತಮ್ಮದೇ ಹೊಲಿಗೆಯಿಂದ. ಚಾಲಕ ಕನಿಕರಪಟ್ಟು, ತೆಗೆದುಕೊಂಡು ಹೋಗಿ ಎಂದ.

ಹುಡುಗಿ ಕುದುರೆಯನ್ನು ಮುಟ್ಟಲಿಲ್ಲ. ತಾತನ ಕೈಚೀಲದೊಳಗೆ ಬಗ್ಗಿ ನೋಡಿದಳು. ಚೀಲ ಖಾಲಿ.

"ಎಲ್ಲಾ ತಾ. ಇಲ್ಲಾಂದ್ರೆ ಇದೂ ಬೇಡ."

ಅಷ್ಟರಲ್ಲಿ ಮಗಳು ಬಂದವಳು ಗೋದಾಮಿನ ಧೂಳು ಮೆತ್ತಿದ ಕುದುರೆಯನ್ನು ಕಂಡಳು. "ಮತ್ತೆ ಕಸ ಯಾಕಪ್ಪ ಮನೆಗೆ ತಂದ್ರಿ? ಈಗ ತಾನೇ ನೆಟ್ಟಗಾಗಿತ್ತು."

ಮೂರು ವಾರ ಕುದುರೆ ಸೂಟ್‌ಕೇಸಿನೊಳಗಿತ್ತು. ಚಾಲಕ ಈ ಕಥೆ ಹೇಳಿದ ಶನಿವಾರದ ಬೆಳಿಗ್ಗೆ ಸಹಿ ಸಾಹೇಬರು ಅದನ್ನು ಕಾಗದದಲ್ಲಿ ಸುತ್ತಿ ಗೋದಾಮಿಗೆ ತಂದರು, ತಂದದ್ದಕ್ಕೆ ಚೀಟಿ ಬರೆಸಿಕೊಂಡು ಸಹಿ ಹಾಕಿದರು. ವ್ಯಾನಿನ ಮೆಟ್ಟಿಲ ಮೇಲೆ ಕೂತು, ಯಾರೂ ಕೇಳದಿದ್ದರೂ, ಚಾಲಕನಿಗೆ ಇಷ್ಟನ್ನೂ ಹೇಳಿದರು.

ಚಾಲಕ ಇಲ್ಲಿಗೆ ನಿಲ್ಲಿಸಿದಾಗ, ಕೈಗವಸು ಕಳಚುತ್ತಿದ್ದ ಒಬ್ಬ ಹೆಂಗಸು ಹುಡುಗಿ ಈಗ ಮಾತಾಡಿಸುತ್ತಾಳಂತಾ ಎಂದು ಕೇಳಿದಳು.

"ಮಾತಾಡಿಸ್ತಾಳಂತೆ ಅಕ್ಕ. ಬೆಳಿಗ್ಗೆ ಶಾಲೆಗೆ ಹೋಗುವಾಗ ಹಾಲ್ ದಾಟ್ತಾಳಲ್ಲ, ಅವರು ಕಾಲು ಚಾಚಿ ಕೂತಿರ್ತಾರೆ, ಆಗ 'ತಾತ, ಕಾಲು ತೆಗಿ' ಅಂತಾಳಂತೆ. ಅವರು ತೆಗೀತಾರಂತೆ."

ಹೆಂಗಸರು ಸೆರಗಿನ ಧೂಳು ಕೊಡವಿಕೊಂಡು ಎದ್ದರು, ಊಟದ ಡಬ್ಬಿಗಳನ್ನು ಎತ್ತಿಕೊಂಡು ಮನೆಯ ದಾರಿ ಹಿಡಿದರು.