ಹರಿದ ಬೆಲ್ಟು

ನಡೆಯಲಾಗದ ಹನ್ನೊಂದು ವರ್ಷದ ಮಗಳನ್ನು ಶಾಲೆಗೆಂದು ಹಿಂದಿನ ಸೀಟಿನಲ್ಲಿ ಕೂರಿಸಿ ತಾಯಿ ಕೀಲಿ ತಿರುಗಿಸಿದರೆ, ಹಳೆಯ ಕಾರು ಸ್ಟಾರ್ಟ್ ಆಗಲಿಲ್ಲ. ಪಕ್ಕದ ಬೀದಿಯಲ್ಲಿ ಗ್ಯಾರೇಜು ಇಟ್ಟಿದ್ದ ಮೈದುನ ಬಂದು ನೋಡಿದ. ಬ್ಯಾಟರಿ ಸರಿಯಿತ್ತು, ಪೆಟ್ರೋಲೂ ಬರುತ್ತಿತ್ತು. ಆದರೆ ಇಂಜಿನ್ನು ಎಂದಿಗಿಂತ ಹಗುರವಾಗಿ ತಿರುಗುವ ಸದ್ದು ಅವನಿಗೆ ಕೇಳಿಸಿತು. ಮುಚ್ಚಳ ಬಿಚ್ಚಿದ. ಒಳಗೆ, ಪಿಸ್ಟನ್ನಿನ ಓಟಕ್ಕೆ ಸರಿಯಾಗಿ ವಾಲ್ವುಗಳನ್ನು ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟು ಹರಿದುಬಿದ್ದಿತ್ತು.

“ಪಿಸ್ಟನ್ನು ಬಡಿದು ಒಳಗೆ ವಾಲ್ವುಗಳೆಲ್ಲ ಬಾಗಿರ್ತವೆ ಅತ್ತಿಗೆ. ಈ ಇಂಜಿನ್ನಿಗೆ ಈಗ ಸಾಮಾನೇ ಸಿಗಲ್ಲ. ಕಾರಿನ ಕಥೆ ಮುಗೀತು.”

“ಬೆಲ್ಟು ಬದಲಾಯಿಸ್ಬೇಕಾ ಅಂತ ಹೋದ ಸಲ ಸರ್ವೀಸಿಗೆ ಬಿಟ್ಟಾಗ ಕೇಳಿದ್ನಲ್ಲ?”

“ಕೇಳಿದ್ರಿ. ಕೈತುಂಬ ಕೆಲ್ಸ ಇತ್ತು. ಬಿಚ್ಚಿ ನೋಡ್ದೇನೇ ಇನ್ನೊಂದು ವರ್ಷ ಓಡುತ್ತೆ ಅಂದುಬಿಟ್ಟೆ.”

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

“ಚಿಕ್ಕಪ್ಪಾ, ನಾಳೆಗೆ ಸರಿಹೋಗುತ್ತಾ?” ಹಿಂದಿನ ಸೀಟಿನಿಂದ ಹುಡುಗಿ ಕೇಳಿದಳು. ಶಾಲೆಯ ಬಸ್ಸಿನವರು ಅವಳನ್ನು ಹತ್ತಿಸಿಕೊಳ್ಳುವುದಿಲ್ಲವೆಂದು ಎಂದೋ ಹೇಳಿಬಿಟ್ಟಿದ್ದರು. ಅವನು ಬಿಚ್ಚಿದ ಮುಚ್ಚಳವನ್ನು ಮತ್ತೆ ಕೂರಿಸತೊಡಗಿದ.

ಅತ್ತಿಗೆ ಬಾಗಿಲು ತೆಗೆದು ಮಗಳನ್ನು ಎತ್ತಿಕೊಂಡಳು. ಅವನು ಕೈ ಚಾಚಿದ.

“ಬಿಡು, ನಿನ್ನ ಕೈಯೆಲ್ಲ ಗ್ರೀಸು. ಯೂನಿಫಾರ್ಮ್ ಕೊಳೆಯಾಗುತ್ತೆ.”

ಮೂರನೇ ಮಹಡಿಯ ಮನೆಯವರೆಗೂ ಅವಳು ಮಗಳನ್ನು ಹೊತ್ತು ನಿಂತು ನಿಂತು ಮೆಟ್ಟಿಲು ಹತ್ತುವುದು ಅವನಿಗೆ ಕೇಳಿಸುತ್ತಿತ್ತು.