ಹಿನ್ನೆಲೆಯ ಹೆಂಗಸು

ಅಲ್ಲಿ, ಅಲ್ಲೇ, ಗಂಡಸಿನ ಮಾತು ಮುಗಿದು ಕ್ಲಿಪ್ಪು ಕತ್ತರಿಸಿಹೋಗುವ ಮೊದಲು, ದೂರದಿಂದ ಒಬ್ಬಳು ಹೆಂಗಸು ಏನೋ ಕೂಗುತ್ತಾಳೆ, ಬಾವಿಯೊಳಗಿಂದ ಕೂಗಿದ ಹಾಗೆ, ಎಳೆದು ಎಳೆದು, ಯಾರನ್ನೋ ಕರೆಯುತ್ತಿದ್ದಾಳೆ, ಸಿಟ್ಟಿಲ್ಲ, ದಿನಾ ಕರೆದು ರೂಢಿಯಾದ ಕರೆ — ಕೇಳುತ್ತಾ ಕೂತವಳು ಮತ್ತೆ ಹಿಂದಕ್ಕೆ ಒತ್ತಿದಳು, ಹೆಡ್‌ಫೋನಿನ ಹರಿದ ಸ್ಪಂಜು ಕಿವಿಯ ಬೆವರಿಗೆ ಅಂಟಿಕೊಂಡಿದೆ, ಹೊಸದು ಕೊಡಿಸಿ ಅಂತ ಕೇಳಿ ಕೇಳಿ ಸಾಕಾಗಿದೆ, ಊರಿನ ಸುಳ್ಳೆಲ್ಲ ಈ ತೂತಿನಲ್ಲೇ ಒಳಗೆ ಬರಬೇಕು. ಮಾತಾಡುವವನನ್ನು ಬಿಡು, ಹಿಂದೆ ಏನಿದೆ ಕೇಳು, ಇದು ಅವಳೇ ಹೊಸಬರಿಗೆ ಹೇಳಿಕೊಡುವ ಪಾಠ, ಮಾತಾಡುವವನು ತಯಾರಾಗಿ ಬಂದಿರುತ್ತಾನೆ, ಅವನ ಹಿಂದಿನ ಗೋಡೆ ತಯಾರಾಗಿರುವುದಿಲ್ಲ. ಅದಕ್ಕೇ ಹಬ್ಬಿದ ಸುದ್ದಿ ನಿಜವೋ ಸುಳ್ಳೋ ಅಂತ ಪರೀಕ್ಷಿಸುವ ಈ ಆಫೀಸಿನಲ್ಲಿ ಅವಳಿಗೆ ಕಿವಿ ಅಂತಲೇ ಹೆಸರು, ಪಕ್ಕದ ಕುರ್ಚಿಯವನು ನಕ್ಷೆ, ನೆರಳು ಬಿದ್ದ ದಿಕ್ಕು ನೋಡಿ ಫೋಟೋ ಯಾವ ಬೀದಿಯದು ಅಂತ ಹೇಳಿಬಿಡುತ್ತಾನೆ, ಗಾಜಿನ ಕೋಣೆಯ ಮುಖ್ಯಸ್ಥೆ ಕತ್ತರಿ, ಯಾಕೆ ಅಂತ ಬರೆದುಕೊಟ್ಟವರಿಗೆ ಗೊತ್ತು. ಮೂವರೂ ಸೇರಿ ದಿನಾ ಊರಿನ ಬಾಯಿ ತೊಳೆಯುವುದು, ಸಂಜೆ ಹೊತ್ತಿಗೆ ಅದು ಮತ್ತೆ ಗಲೀಜು. ನಕ್ಷೆಯ ಪರದೆಯ ಮೇಲೆ ಬೀದಿಯಲ್ಲಿ ಯಾರೋ ತೆಗೆದ ವಿಡಿಯೊ ನಿಂತಿದೆ, ಬೆಳಗಿನಿಂದ ಅಲ್ಲೇ ನಿಂತಿದೆ, ಯಾಕೋ ಅವನು ಮುಚ್ಚುತ್ತಿಲ್ಲ: ಬೀದಿಯ ನಡುವೆ ಒಂದು ಗುಂಡಿ, ಗುಂಡಿಯಲ್ಲಿ ನೆಟ್ಟಗೆ ನಿಂತ ಉದ್ದ ಕಬ್ಬಿಣದ ಕೀ, ಮೇಲೆ ಅಡ್ಡ ಹಿಡಿ, ಅದರ ಸುತ್ತ ಉಕ್ಕುತ್ತಿರುವ ನೀರು. ವಾಲ್ವ್ ತಿರುಗಿಸಿ ನೀರು ಬಿಡುವವನ ಕೀ. ಹಿಡಿಯ ಮೇಲೆ ಕೈ ಇಲ್ಲ. ಅದನ್ನು ಹಿಡಿದಿದ್ದವನನ್ನು ಜನ ಪಕ್ಕಕ್ಕೆ ಎಳೆದಿದ್ದಾರೆ, ಕ್ಯಾಮೆರಾ ಆಮೇಲೆ ಆ ಕಡೆ ತಿರುಗುತ್ತದೆ, ಅವಳು ಅಲ್ಲಿಯವರೆಗೆ ನೋಡುವುದಿಲ್ಲ.

ನೋಡಬೇಕಾಗಿಯೂ ಇಲ್ಲ, ಅವಳ ಪಾಲಿಗೆ ಬಂದಿರುವುದು ಆಡಿಯೊ. ಚುನಾವಣೆಗೆ ಮುಂಚೆ ನಮ್ಮ ಕಡೆಯ ಬಡಾವಣೆಗಳ ಟ್ಯಾಂಕಿಗೆ ಏನೋ ಪುಡಿ ಬೆರೆಸುತ್ತಿದ್ದಾರೆ, ಮತದಾನದ ದಿನ ಯಾರೂ ಹಾಸಿಗೆ ಬಿಟ್ಟು ಏಳಬಾರದು ಅನ್ನೋದು ಅವರ ಲೆಕ್ಕ, ನೀರು ಬಿಡುವವರ ಮೇಲೆ ಒಂದು ಕಣ್ಣಿಟ್ಟಿರಿ — ಇಷ್ಟೇ. ಯಾರ ಹೆಸರೂ ಇಲ್ಲ, ಅದೇ ಅದರ ವಿಷ, ಹೆಸರಿಲ್ಲದ ಕಡೆ ಸಿಕ್ಕಿದವನ ಹೆಸರು ಹಾಕಿಕೊಳ್ಳಬಹುದು. ಈ ಪಕ್ಷದವರು ಆ ಪಕ್ಷದವರೇ ಹಬ್ಬಿಸಿದ್ದು ಅನ್ನುತ್ತಿದ್ದಾರೆ, ಆ ಪಕ್ಷದವರು ಇವರ ಕಡೆ ಕೈ ತೋರಿಸುತ್ತಾರೆ, ಜನರ ಏಟು ತಿಂದ ನೀರು ಬಿಡುವವನು ಆಸ್ಪತ್ರೆಯಲ್ಲಿ, ಅವನ ಹೆಂಡತಿ ಕಾರಿಡಾರಿನ ಬೆಂಚಿನ ಮೇಲೆ. ಕತ್ತರಿ ಬೆಳಗ್ಗೆಯೇ ಬಂದು ಮೇಜಿನ ಅಂಚಿಗೆ ಒರಗಿ ಹೇಳಿದ್ದಳು, ನೋಡಮ್ಮ, ಸುಳ್ಳು ಅಂತ ಹೇಳಿದ್ರೆ ಸಾಕಾಗಲ್ಲ ಈ ಸಲ, ಈ ಆಡಿಯೊದ ಮೊದಲನೇ ಬಾಯಿ ಯಾವ್ದು ಅಂತ ಬೇಕು, ಮೂಲ ಇಲ್ದೆ ಲೇಖನ ಹೋಗಲ್ಲ. ಸರಿ ಅಂದಿದ್ದಳು, ಮೊದಲನೇ ಬಾಯಿ ಹುಡುಕುವುದರಲ್ಲಿ ಅವಳಿಗೆ ಒಂದು ಹುಮ್ಮಸ್ಸೇ ಇದೆ, ಕಳ್ಳನ ಕಾಲರ್ ಕೈಗೆ ಸಿಕ್ಕ ಹಾಗೆ. ಅಷ್ಟರಲ್ಲಿ ಅಪ್ಪನ ಮೆಸೇಜು, ಅದೇ ವಿಡಿಯೊ, ಅದೇ ಕೀ, ಕೆಳಗೆ ಒಂದು ಸಾಲು, ಸಿಕ್ಕಿಬಿದ್ದ ನೋಡು ಮಗಳೇ. ಅಯ್ಯೋ ಅಪ್ಪ. ದಿನಾ ಊಟದ ಹೊತ್ತಿಗೆ ಬಡಿದುಕೊಳ್ಳುತ್ತೇನೆ, ಬಂದಿದ್ದನ್ನೆಲ್ಲ ಮುಂದಕ್ಕೆ ತಳ್ಳಬೇಡಿ ಅಂತ, ಕಲ್ಲಿನ ಮೇಲೆ ನೀರು ಸುರಿದ ಹಾಗೆ. ಪಾಪ, ಇನ್ನೇನು ಮಾಡ್ತಾರೆ, ಬದುಕೆಲ್ಲ ರೈಲ್ವೆ ಸ್ಟೇಷನ್ನಿನ ಮೈಕಿನ ಮುಂದೆ ಕೂತವರು, ಅವರು ಬಾಯಿ ಬಿಟ್ಟರೆ ಸಾವಿರ ಜನ ಪೆಟ್ಟಿಗೆ ಎತ್ತಿಕೊಂಡು ಈ ಪ್ಲಾಟ್‌ಫಾರ್ಮಿನಿಂದ ಆ ಪ್ಲಾಟ್‌ಫಾರ್ಮಿಗೆ ಓಡುತ್ತಿದ್ದರು, ಆಮೇಲೆ ರೆಕಾರ್ಡ್ ಮಾಡಿದ ಹೆಣ್ಣು ಧ್ವನಿಯೊಂದು ಬಂದು ಅವರ ಕುರ್ಚಿಯಲ್ಲಿ ಕೂತುಬಿಟ್ಟಿತು. ಈಗ ಅವರ ಮಾತು ಕೇಳುವುದು ಹಳೆಯ ಸಹೋದ್ಯೋಗಿಗಳ ಗುಂಪು ಮಾತ್ರ, ಅದೂ ಫೋನಿನಲ್ಲಿ. ಸಂಜೆ ಹೋಗಿ ಬುದ್ಧಿ ಹೇಳಬೇಕು.

ಮೊದಲು ಈ ದಪ್ಪ ದನಿ. ಯಾರೋ ಹುಷಾರಿಯಿಂದ ವೇಗ ಇಳಿಸಿದ್ದಾರೆ, ದನಿ ಗುರುತು ಸಿಗದಿರಲಿ ಅಂತ, ಭಯ ಹುಟ್ಟಲಿ ಅಂತಲೂ ಇರಬಹುದು, ಮೇಲೆ ಒಂದು ಫೋನಿನಿಂದ ಇನ್ನೊಂದು ಫೋನಿಗೆ ಹಿಡಿದು ರೆಕಾರ್ಡ್ ಮಾಡಿದ ಗೊರಗೊರ. ಆದರೆ ಮಾತಿನ ನಡುವೆ ಒಂದು ಟಿಣ್ ಇದೆ, ಯಾರದೋ ಮೆಸೇಜು ಬಂದ ಸದ್ದು, ಈ ದನಿಯಲ್ಲಿ ಅದು ಟೊಂಯ್ ಅನ್ನುತ್ತಿದೆ, ನಿಜವಾದ ಟಿಣ್ ಎಷ್ಟು ತೆಳ್ಳಗಿರಬೇಕು ಅಂತ ಅವಳಿಗೆ ಗೊತ್ತು, ಎಲ್ಲರ ಜೇಬಿನಲ್ಲೂ ಅದೇ ಟಿಣ್. ಅದು ಸರಿಯಾದರೆ ಎಲ್ಲವೂ ಸರಿಯಾದ ಹಾಗೆ. ಮೆಲ್ಲಗೆ ಏರಿಸು, ಇನ್ನೂ, ಟೊಂಯ್, ಟೊಣ್, ಸ್ವಲ್ಪ ಜಾಸ್ತಿಯಾಯಿತು, ಹಿಂದಕ್ಕೆ, ಟಿಣ್ — ಹಾಂ. ಕೂತಿತು. ಈಗ ಮೊದಲಿನಿಂದ. ದಯವಿಟ್ಟು, ಒಂದು ಉಸಿರಿನ ನಿಲುಗಡೆ, ಗಮನಿಸಿ. ಕೈ ಮೌಸಿನ ಮೇಲೆ ಇದ್ದ ಹಾಗೇ ಇದೆ. ದಯವಿಟ್ಟು ಅಂತ ಸಾವಿರಾರು ಜನ ಅನ್ನುತ್ತಾರೆ, ಗಮನಿಸಿ ಅಂತಲೂ ಅನ್ನುತ್ತಾರೆ, ಎರಡರ ನಡುವೆ ಅಷ್ಟು ಹೊತ್ತು ಕಾಯುವವರು, ದೂರದ ಕಂಬದ ಸ್ಪೀಕರು ಮಾತು ಮುಗಿಸಲಿ ಅಂತ ಕಾಯುವವರು, ಬೇರೆಯವರೂ ಇರಬಹುದು, ಸ್ಟೇಷನ್ನುಗಳೇನು ಕಮ್ಮಿಯೇ, ಇರಬಹುದು, ಇರಲಿ ದೇವರೇ. ಕೊನೆಯವರೆಗೂ ಕೇಳು. ನೀರು ಬಿಡುವವರ ಮೇಲೆ ಒಂದು ಕಣ್ಣಿಟ್ಟಿರಿ. ಆಮೇಲೆ ಆ ಹೆಂಗಸು, ಈಗ ಬಾವಿಯಿಂದ ಹೊರಗೆ ಬಂದಿದ್ದಾಳೆ, ಸ್ಪಷ್ಟ, ತಣ್ಣಗಾಗ್ತಿದೆ ಬನ್ನಿ ಅಪ್ಪಾ. ಯಾರಿವಳು, ಸ್ವಲ್ಪ ಮೂಗಿನಲ್ಲಿ ಮಾತಾಡುವವಳು, ಬನ್ನಿ ಅನ್ನುವುದನ್ನು ಕೊನೆಯಲ್ಲಿ ಮೇಲಕ್ಕೆ ಎತ್ತುವವಳು, ಇಷ್ಟು ಕೀರಲು ದನಿಯವಳು ಯಾರು — ಊರಿನವರ ದನಿಯನ್ನೆಲ್ಲ ಗುರುತು ಹಿಡಿಯುವ ಕಿವಿಗೆ ಇದೊಂದು ಹತ್ತಲಿಲ್ಲ, ಬೆಳಗಿನಿಂದ ಹತ್ತಲಿಲ್ಲ, ಒಳಗಿನಿಂದ ಕೇಳಿ ಅಭ್ಯಾಸವಾದ ದನಿ ಹೊರಗಿನಿಂದ ಬಂದರೆ ಬೇರೆಯವಳದೇ ಸರಿ. ಅವಳೇ. ಅವಳೇ ಕರೆಯುತ್ತಿದ್ದಾಳೆ. ಅವಳ ಮನೆಯ ಊಟದ ಮೇಜು, ಅವಳ ತಟ್ಟೆ, ಅವಳ ಅಪ್ಪ.

ಆಡಿಯೊ ಹುಟ್ಟಿದ ಆ ಸಂಜೆ. ಅಪ್ಪ ಎಂದಿನ ಹಾಗೆ ಕುರ್ಚಿ ಎಳೆದುಕೊಂಡು, ಹೂಂ, ಇವತ್ತು ಯಾವ ಸುಳ್ಳು ಸಿಕ್ತು ನಿಂಗೆ ಅಂದಿದ್ದರು, ಅದು ಅವರಿಬ್ಬರ ಆಟ, ಅಮ್ಮ ಹೋದ ಮೇಲೆ ಮೇಜಿನ ಮೇಲೆ ಮಾತು ಬೇಕಲ್ಲ. ಆಫೀಸಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಅಂಟಿಸಿದ್ದಾರೆ, ಮೊದಲು ನಿಜ ಹೇಳು, ಆಮೇಲೆ ಸುಳ್ಳು, ಕೊನೆಗೆ ಮತ್ತೆ ನಿಜ, ಯಾಕೆಂದರೆ ಜನ ಅರ್ಧಕ್ಕೆ ಎದ್ದು ಹೋಗುತ್ತಾರೆ, ಹೋಗುವವರ ಕೈಯಲ್ಲಿ ಸುಳ್ಳು ಇರಬಾರದು. ಅಂಟಿಸಿದವಳು ಅವಳೇ, ಸ್ಟೂಲು ಹತ್ತಿ. ಆದರೆ ಮನೆಯಲ್ಲಿ ಯಾರು ಹಾಗೆ ಕಥೆ ಹೇಳುತ್ತಾರೆ, ಕೊಲೆಗಾರ ಯಾರು ಅಂತ ಮೊದಲೇ ಹೇಳಿದರೆ ಅಪ್ಪನಿಗೆ ರುಚಿಸುವುದಿಲ್ಲ, ಅವಳಿಗೂ ಅಷ್ಟೇ, ಅವರ ಕಣ್ಣು ಅಗಲವಾಗುವುದನ್ನು ನೋಡಬೇಕು. ಸೌಟು ಆಡಿಸುತ್ತಾ ಶುರು ಮಾಡಿದಳು, ಅಪ್ಪಾ ಕೇಳಿ, ಟ್ಯಾಂಕಿಗೆ ಪುಡಿ ಬೆರೆಸ್ತಿದಾರಂತೆ, ವಿಡಿಯೊ ಬೇರೆ ಇದೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡವನು ಬಕೆಟ್ಟು ಸುರೀತಾನೆ, ಮತದಾನದ ದಿನ ಯಾರೂ ಏಳ್ಬಾರ್ದಂತೆ — ಅಪ್ಪನ ತುತ್ತು ಬಾಯಿಯ ಹತ್ತಿರ ನಿಂತಿತು. ಇನ್ನೇನು ಹೇಳುವುದರಲ್ಲಿದ್ದಳು, ಅದು ಯಾವುದೋ ಕಾಲದ, ಯಾವುದೋ ದೇಶದ ವಿಡಿಯೊ, ಆ ಪುಡಿ ನೀರು ಶುದ್ಧ ಮಾಡುವ ಪುಡಿ, ಬಟ್ಟೆ ಅದರ ಘಾಟಿಗೆ. ಫೋನು. ಕತ್ತರಿ. ಒಂದು ಸಾಲಿನ ಬಗ್ಗೆ ಜಗಳ, ಅವಳು ಬಾಲ್ಕನಿಗೆ ಹೋದಳು, ಯಾವ ಸಾಲು ಅಂತ ಈಗ ನೆನಪೂ ಇಲ್ಲ. ವಾಪಸು ಬಂದಾಗ ಅಪ್ಪನ ಕುರ್ಚಿ ಖಾಲಿ, ರೂಮಿನ ಬಾಗಿಲು ಅರ್ಧ ಹಾಕಿದೆ, ಒಳಗೆ ಅವರು ಗುಂಪಿನವರ ಜೊತೆ ಏನೋ ಮಾತಾಡುತ್ತಿದ್ದಾರೆ, ಗಂಟಲು ಸರಿಮಾಡಿಕೊಂಡು, ಹಳೆಯ ಠೀವಿಯಲ್ಲಿ, ಪರವಾಗಿಲ್ಲ ಖುಷಿಯಾಗಿದ್ದಾರೆ ಅಂದುಕೊಂಡಳು, ಖುಷಿಯೇ ಆಗಿತ್ತು ಅವಳಿಗೆ, ತಣ್ಣಗಾಗ್ತಿದೆ ಬನ್ನಿ ಅಪ್ಪಾ. ಬಂದರು. ಊಟ ಮಾಡಿದರು. ಅವಳು ಬೇರೆ ಮಾತಿಗೆ ಹೋದಳು. ಕಥೆಯ ಬಾಲ ಹಾಗೇ ಉಳಿದುಹೋಯಿತು.

ಸಿಕ್ತಾ, ನಕ್ಷೆ ಕುರ್ಚಿ ತಿರುಗಿಸಿ ಕೇಳುತ್ತಿದ್ದಾನೆ, ಆ ಹೆಂಗಸು ಸಿಕ್ಕಿದ್ರೆ ಮನೆ ಸಿಕ್ಕಿದ ಹಾಗೆ ಕಣೇ ಕಿವಿ. ಇನ್ನೂ ಇಲ್ಲ ಕಣೋ, ಅಂದಳು, ಎಷ್ಟು ಸಲೀಸಾಗಿ ಬಂತು, ಈ ಕೋಣೆಯಲ್ಲಿ ಅವಳ ಬಾಯಿಂದ ಬಂದ ಮೊದಲ ಸುಳ್ಳು, ಪರಿಶೀಲಿಸಲು ಯಾರೂ ಇಲ್ಲ. ಆಸ್ಪತ್ರೆಗೆ ಫೋನ್ ಮಾಡಿದ್ದೆ, ಇನ್ನೂ ಕಣ್ಣು ಬಿಟ್ಟಿಲ್ವಂತೆ, ಅಂದ ಅವನು, ಪರದೆಯ ಮೇಲೆ ಆ ಕೀ ಹಾಗೇ ನಿಂತಿದೆ. ತಲೆನೋವು, ಮನೆಯಿಂದಲೇ ಬರೆದು ಕಳಿಸ್ತೀನಿ, ಅಂದು ಎದ್ದಳು. ಬಸ್ಸಿನಲ್ಲಿ ಎದುರು ಕೂತ ಇಬ್ಬರು ಹೆಂಗಸರು ಪೇಟೆಯ ನೀರಿನ ಬಾಟಲಿಗಳನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡಿದ್ದಾರೆ, ನಲ್ಲಿ ನೀರು ಮುಟ್ಟಬೇಡ ಅಂದಿದಾರೆ ಕಣ್ರೀ, ಯಾರು ಅಂದಿದ್ದು, ಎಲ್ರೂ ಅಂತಿದಾರಲ್ಲ. ಎಲ್ಲರೂ. ಹೇಳಿಬಿಡಲೇ, ಅಮ್ಮಾ ಆ ಎಲ್ಲರೂ ನಾನೇ. ಮೂಲ ಅಂತ ಒಂದು ಜಾಗವಿದೆ ಆ ಲೇಖನದಲ್ಲಿ, ಬರೆಯಬಹುದು, ತಿಳಿದುಬಂದಿಲ್ಲ ಅಂತ, ಎಷ್ಟೋ ಸಲ ನಿಜವಾಗಿಯೂ ತಿಳಿದುಬರುವುದಿಲ್ಲ, ಯಾರೂ ಅನುಮಾನ ಪಡುವುದಿಲ್ಲ, ಅಪ್ಪ ಉಳಿಯುತ್ತಾರೆ, ಕೆಲಸ ಉಳಿಯುತ್ತದೆ, ಎರಡು ಪಕ್ಷದವರು ಒಬ್ಬರ ಮುಖಕ್ಕೆ ಒಬ್ಬರು ಮಸಿ ಬಳಿದುಕೊಂಡು ಇರಲಿ, ನಾಳೆ ಇನ್ನೊಂದು ಬೀದಿಯಲ್ಲಿ ಇನ್ನೊಬ್ಬ ನೀರು ಬಿಡುವವನು ಗುಂಡಿಗೆ ಬಗ್ಗಲಿ. ಬರೆದರೆ — ನಿಜ ಬರೆದರೆ ಪೊಲೀಸರು ಬರುವ ಮೊದಲು ಜನ ಬರುತ್ತಾರೆ, ಅಪ್ಪನಿಗೆ ಮೆಟ್ಟಿಲು ಇಳಿಯಲೂ ಕಷ್ಟ. ಅವಳ ಸ್ಟಾಪು ಹಿಂದೆ ಹೋಯಿತು, ಇಳಿದು ವಾಪಸು ನಡೆಯಬೇಕಾಯಿತು.

ಬಾಗಿಲು ತೆಗೆದಾಗ ಅಪ್ಪ ಅಡುಗೆಮನೆಯಲ್ಲಿ ನಲ್ಲಿಯ ಮುಂದೆ ನಿಂತಿದ್ದರು, ನಲ್ಲಿ ಬುಸ್ ಅನ್ನುತ್ತಿತ್ತು, ನೋಡಮ್ಮ ಇವತ್ತೂ ನೀರಿಲ್ಲ, ಎಲ್ಲಾ ಕಡೆ ನೀರು ಬಿಡೋರು ಹೆದರ್ಕೊಂಡು ಮನೇಲಿ ಕೂತಿದಾರಂತೆ, ತಪ್ಪು ಮಾಡ್ದಿದ್ರೆ ಯಾಕ್ ಹೆದರ್ಬೇಕು ಹೇಳು. ಅವಳು ಚೀಲವನ್ನೂ ಕೆಳಗಿಡದೆ ಫೋನು ಹಿಡಿದು ವೇಗ ಸರಿಮಾಡಿದ ಆಡಿಯೊ ಹಾಕಿದಳು. ದಯವಿಟ್ಟು. ಗಮನಿಸಿ. ಅಪ್ಪನ ಮುಖ ಅರಳಿತು, ಅದನ್ನೂ ನೋಡಬೇಕಾಯಿತು ಅವಳು, ಅಯ್ಯೋ, ನಂದೇ, ನಿಮ್ಮ ಆಫೀಸಿನವರೆಗೂ ಬಂತಾ, ದನಿ ಇನ್ನೂ ಗಟ್ಟಿಯಾಗೇ ಇದೆ ಅಲ್ವಾ. ಅಪ್ಪಾ, ಅದು ಸುಳ್ಳು. ಸುಳ್ಳಾ, ನೀನೇ ತಾನೇ ಹೇಳಿದ್ದು, ನಾನೇನು ಬೀದೀಲಿ ಕೇಳಿದ್ನಾ, ನನ್ ಮಗಳು ಹೇಳಿದ್ಲು ಅಂತಾನೇ ನಂಬಿದ್ದು. ಅಪ್ಪಾ, ಸುಳ್ಳು ಅಂತ ಹೇಳೋದ್ರಲ್ಲಿದ್ದೆ, ಫೋನ್ ಬಂತು. ಅಪ್ಪ ಅವಳನ್ನು ನೋಡಿದರು, ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಿದ ಮಗುವನ್ನು ನೋಡುವ ಹಾಗೆ. ಹೇಳ್ಲಿಲ್ವಲ್ಲಮ್ಮ, ಅಂದರು. ನಲ್ಲಿ ಬುಸ್ ಅನ್ನುತ್ತಲೇ ಇತ್ತು, ಯಾರೂ ಮುಚ್ಚಲಿಲ್ಲ. ಅಪ್ಪ ಸ್ಟೂಲಿನ ಮೇಲೆ ಕೂತರು, ಹಾಗಾದ್ರೆ ಆ ಮನುಷ್ಯ, ಅಂದರು, ಫೋನು ತೆಗೆದುಕೊಂಡರು, ಗಂಟಲು ಸರಿಮಾಡಿಕೊಂಡರು, ನಾನೇ ಹೇಳ್ಬಿಡ್ತೀನಿ ತಾಳು, ನನ್ ಹೆಸರು ಹಾಕೇ ಹೇಳ್ತೀನಿ, ಬಂದವ್ರು ಬರ್ಲಿ, ನೀನೂ ಲೇಖನದಲ್ಲಿ ಹಾಕು. ದಯವಿಟ್ಟು. ನಿಲುಗಡೆ. ಗಮನಿಸಿ. ತಮ್ಮ ಹೆಸರು ಹೇಳಿದರು. ಈ ಹಿಂದೆ ತಿಳಿಸಲಾಗಿದ್ದ ಸುದ್ದಿಯು — ರದ್ದಾದ ರೈಲಿನ ಮಾತೇ ಬರುತ್ತಿದೆ ಅವರ ಬಾಯಿಗೆ, ಬೇರೆ ಮಾತು ಯಾರು ಕಲಿಸಿದ್ದಾರೆ — ಸುದ್ದಿಯು ರದ್ದಾಗಿದೆ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ದನಿ ಕೊನೆಯಲ್ಲಿ ಒಡೆಯಿತು. ಕಳಿಸಿದರು. ಇಬ್ಬರೂ ಆ ಫೋನನ್ನೇ ನೋಡುತ್ತಾ ಕೂತರು, ಆ ಗುಂಪಿನಿಂದ ಒಂದು ಹೂಂ ಕೂಡ ಬರಲಿಲ್ಲ. ಆಮೇಲೆ ಟಿಣ್. ಅವಳ ಫೋನು. ನಕ್ಷೆ. ಹೋಗ್ಬಿಟ್ಟ ಕಣೇ, ಈಗಷ್ಟೆ. ಲೇಖನದಲ್ಲಿ ಗಾಯಾಳು ಅಂತಿರೋದನ್ನ ಬದಲಾಯಿಸು. ಅಪ್ಪ ಕೇಳುತ್ತಿದ್ದಾರೆ, ಯಾರಮ್ಮ, ಏನಂತೆ, ಅವನು ಹೇಗಿದಾನಂತೆ, ಅವಳು ಲ್ಯಾಪ್‌ಟಾಪು ತೆರೆಯುತ್ತಾಳೆ, ಗಾಯಾಳು ಅಳಿಸುತ್ತಾಳೆ, ಮೃತ ಅಂತ ಬರೆಯುತ್ತಾಳೆ, ಕೆಳಗೆ ಮೂಲ, ಅದರ ಮುಂದೆ ಮಿಟುಕುವ ಗೆರೆ, ಈ ಲೇಖನ ಬರೆದವಳ ಮನೆಯ ಊಟದ ಮೇಜು ಅಂತ ಬರೆಯುತ್ತಾಳೆ, ಅಪ್ಪನ ಹೆಸರು ಬರೆಯುತ್ತಾಳೆ, ತನ್ನದನ್ನು ಅದಕ್ಕೂ ಮುಂಚೆ ಬರೆಯುತ್ತಾಳೆ, ಇದೊಂದು ಸಲವಾದರೂ ಮೊದಲು ನಿಜ, ಆದರೆ ಯಾರಿಗೆ, ಅವನು ಬೆಳಗ್ಗೆ ಎದ್ದು ಆ ಕಬ್ಬಿಣ ಹೆಗಲಿಗೆ ಹಾಕಿಕೊಂಡು ಹೊರಟಿರಬೇಕು, ಬಾಗಿಲಲ್ಲಿ ಅವನ ಮನೆಯಲ್ಲೂ ಯಾರೋ ಕರೆದಿರಬೇಕು, ತಣ್ಣಗಾಗ್ತಿದೆ ಬನ್ನಿ ಅಂತ, ಬಂದೆ ಅಂದಿರಬೇಕು, ಒಂದು ಬೀದಿಗೆ ನೀರು ಬಿಟ್ಟು ಬಂದೆ ಅಂತ, ಬಗ್ಗಿದ, ತಿರುಗಿಸಿದ, ನೀರು ಬಂತು, ಹಿಂದಿನಿಂದ ಯಾರೋ — ಏನಂತೆ ಮಗಳೇ, ಹೇಳು, ಅರ್ಧಕ್ಕೆ ನಿಲ್ಲಿಸ್ಬೇಡ — ಬೀದಿಯ ನಡುವೆ ಗುಂಡಿ, ಗುಂಡಿಯಲ್ಲಿ ಕೀ, ನೆಟ್ಟಗೆ, ಅಡ್ಡ ಹಿಡಿ ಎರಡೂ ಕಡೆ ಖಾಲಿ, ನೀರು ಉಕ್ಕುತ್ತಿದೆ, ಮುಚ್ಚುವವರಿಲ್ಲ, ಕೀ, ಆ ಕೀ.