ಕಾಯಿಸಿದ ನೀರು

"ಏಯ್ ದಾಸಿ! ಆ ನಲ್ಲಿಗ್ಯಾಕೆ ಬಾಟ್ಲಿ ಹಿಡ್ದಿದ್ದೀಯೇ, ಮುಂಡೆ? ಅದು ಗೂಡಿನ ನೀರು ಕಣೇ!"

ದಾಸಮ್ಮ ಇಡೀ ಮೈ ತಿರುಗಿಸಿ ನೋಡಿದಳು. ಕತ್ತು ತಿರುಗುವುದು ನಿಂತು ಎರಡು ವರ್ಷವಾಗಿತ್ತು. ಯಜಮಾನ ಅಶ್ವಥ್ ಬಾಟಲಿ ಕಸಿದುಕೊಂಡು, ನೀರನ್ನು ರೇಷ್ಮೆಗೂಡು ಬೇಯುತ್ತಿದ್ದ ಬೇಸಿನ್ನಿಗೆ ಸುರಿದ. ಫಿಲ್ಟರ್ ನೀರನ್ನು ನೆಲಕ್ಕೆ ಚೆಲ್ಲುವಷ್ಟು ದಡ್ಡನಲ್ಲ ಅವನು.

ಹೊಂಗನೂರಿನ ಹತ್ತಿರದ ಆ ನೂಲು ಬಿಚ್ಚುವ ಶೆಡ್ಡಿನಲ್ಲಿ ಎರಡು ನಲ್ಲಿ. ಬೋರಿನದು ಕೆಲಸದ ಹೆಂಗಸರಿಗೆ, ಫಿಲ್ಟರಿನದು ಗೂಡಿಗೆ. ಹೋದ ವರ್ಷ ಬೋರಿನ ನೀರಿಗೆ ನೂಲು ಮಂಕಾಗಿ, ಕೊಳ್ಳುವವರು ಮೂಗು ಮುರಿದಿದ್ದರು. ಎಂಟೇ ದಿನದಲ್ಲಿ ನೀರಿನ ಪರೀಕ್ಷೆಯಾಗಿ ಫಿಲ್ಟರ್ ಬಂದು ಕೂತಿತು. ಹದಿನೆಂಟು ವರ್ಷ ಅದೇ ಬೋರಿನ ನೀರು ಕುಡಿದ ದಾಸಮ್ಮನ ಮಂಡಿ ಮಡಚಲಾಗದೆ ಹೋದಾಗ ಯಾರೂ ಏನನ್ನೂ ಪರೀಕ್ಷೆ ಮಾಡಿಸಿರಲಿಲ್ಲ.

"ಡಾಕ್ಟ್ರು ಹೇಳವ್ರೆ ಅಣ್ಣ," ಎಂದಳು. "ಬೋರ್ ನೀರ್ನಾಗಿರೋ ಫ್ಲೋರೈಡು ಮೂಳೆಗೆ ಇಳ್ದ್‌ಬುಟ್ಟೈತಂತೆ. ಹಾಲು ಮೊಸ್ರು ಕಾಣ್ದಿರೋ ಮೈಗೆ ಇನ್ನೂ ಬೇಗ ಹಿಡೀತದಂತೆ. ಇನ್ನೂ ಕುಡುದ್ರೆ ಎದ್ದು ನಿಲ್ಲಾಕೂ ಆಗಾಕಿಲ್ಲ ಅಂದ್ರು."

"ಕಾಯ್ಸ್ಕಂಡು ಕುಡಿಯಮ್ಮಿ. ಏನೂ ಆಗಾಕಿಲ್ಲ."

ಅವಳು ಕಾಯಿಸಿಯೇ ಕುಡಿಯುತ್ತಿದ್ದಳು. ಕುದಿನೀರಿಗೆ ಗಟ್ಟಿ ಗೂಡೇ ಎಳೆ ಬಿಟ್ಟುಕೊಡುವಾಗ, ನೀರಿನೊಳಗಿನ ವಿಷ ಬಿಡದೆ ಏನು ಮಾಡೀತು ಎಂದು ಪಾತ್ರೆ ಅರ್ಧಕ್ಕಿಳಿಯುವವರೆಗೆ ಕುದಿಸುತ್ತಿದ್ದಳು. ಅದನ್ನು ಕೇಳಿ ಡಾಕ್ಟರು ಹಣೆ ಚಚ್ಚಿಕೊಂಡಿದ್ದರು. ನೀರು ಹಬೆಯಾಗಿ ಹೋಗುತ್ತದೆ, ಫ್ಲೋರೈಡು ಪಾತ್ರೆಯಲ್ಲೇ ಉಳಿಯುತ್ತದೆ. ಇಷ್ಟು ವರ್ಷ ಸೌದೆ ಸುಟ್ಟು ವಿಷವನ್ನು ಗಟ್ಟಿ ಮಾಡಿಕೊಂಡು ಕುಡಿದೆನಲ್ಲ ಎಂದು ದಾಸಮ್ಮನಿಗೆ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು.

"ಕಾಯ್ಸುದ್ರೆ ಹೋಗಾಕಿಲ್ವಂತೆ ಅಣ್ಣ. ಒಸಿ ಆ ನಲ್ಲಿ ನೀರು..."

"ನಂಗೇ ಪಾಠ ಹೇಳ್ತೀಯಾ? ಇದ್ರೆ ಇರು, ಇಲ್ದಿದ್ರೆ ನಿಮ್ಮಪ್ಪನಂಗೆ ಕುರಿ ಕಾಯಾಕೋಗು."

ಬಗ್ಗಲಾರದ ಮಂಡಿ ಇಟ್ಟುಕೊಂಡು ಕುರಿಯ ಹಿಂದೆ ಓಡುವುದು ಹೇಗೆಂದು ಅವನು ಹೇಳಲಿಲ್ಲ.

ಮರುದಿನ ಅಶ್ವಥ್ ಬರುವ ಹೊತ್ತಿಗೆ ಅಷ್ಟೂ ಬೇಸಿನ್ನುಗಳಲ್ಲಿ ಗೂಡು ಕುದಿಯುತ್ತಿತ್ತು. ರಾಟೆಗೆ ಏರುತ್ತಿದ್ದ ನೂಲು ಬೂದಿ ಬಣ್ಣಕ್ಕೆ ತಿರುಗಿತ್ತು. ಬೇಸಿನ್ನಿನ ಪೈಪು ಬೋರಿನ ನಲ್ಲಿಗೆ ಹಾಕಿತ್ತು.

"ಯಾವಳೇ ಈ ಪೈಪ್ ಹಾಕ್ದೋಳು? ನೂಲೆಲ್ಲ ಎಕ್ಕುಟ್ಟೋಯ್ತಲ್ಲೇ!"

ಶೆಡ್ಡಿನ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಪಕ್ಕದ ಬೇಸಿನ್ನಿನ ಅಖ್ತರಿ ತಲೆ ತಗ್ಗಿಸಿದಳು.

"ನಾನೇ ಅಣ್ಣ," ಎಂದಳು ದಾಸಮ್ಮ. "ಏನೂ ಆಗಾಕಿಲ್ಲ ಬುಡಿ. ಕಾಯ್ಸಿವ್ನಿ."

ಗೋಡೆ ಹಿಡಿದು ನಡೆದು, ಫಿಲ್ಟರಿನ ನಲ್ಲಿಗೆ ಬಾಟಲಿ ಒಡ್ಡಿದಳು. ಹಿಂದಿನಿಂದ ಅಶ್ವಥ್ ಅವಳ ಅಪ್ಪ ಅಮ್ಮಂದಿರನ್ನೆಲ್ಲ ಸೇರಿಸಿ ಬೈಯುತ್ತಿದ್ದ. ಅಖ್ತರಿಯೂ ತನ್ನ ಬಾಟಲಿ ಹಿಡಿದು ಬಂದು ಪಕ್ಕದಲ್ಲಿ ನಿಂತಳು.

ಬಾಟಲಿ ತುಂಬುವವರೆಗೂ ದಾಸಮ್ಮ ತಿರುಗಲಿಲ್ಲ.